ಹಬ್ಬದ ಉಡುಪು, ಋತುವಿನ ಉಡುಪು

ಉಡುಪು ಅಲ್ಲಾಹನು ಮನುಷ್ಯನಿಗೆ ದಯಪಾಲಿಸಿದ ದೊಡ್ಡ ಅನುಗ್ರಹಗಳಲ್ಲೊಂದು. ಪವಿತ್ರ ಕುರ್‌ಆನಿನ ಅಲ್ ಅಅ್‌ರಾಫ್ ಅಧ್ಯಾಯದ 26ನೇ ವಚನದಲ್ಲಿ ಉಡುಪಿನ ಎರಡು ಉದ್ದೇಶಗಳನ್ನು ತಿಳಿಸಲಾಗಿದೆ. ಒಂದು, ದೇಹವನ್ನು ಮುಚ್ಚುವುದು. ಇನ್ನೊಂದು, ಮನುಷ್ಯನಿಗೆ ಅಲಂಕಾರವಾಗುವುದು. ಇವೆರಡಕ್ಕಿಂತಲೂ ದೇವಭಯದ ಉಡುಪೇ ಉತ್ತಮವೆಂದು ಅದೇ ವಚನ ನೆನಪಿಸುತ್ತದೆ. ಅನ್ನಹ್ಲ್ ಅಧ್ಯಾಯದ 81ನೇ ವಚನವು ಮೂರನೆಯ ಉದ್ದೇಶವೊಂದನ್ನು ಸೇರಿಸುತ್ತದೆ. ಅದು ಬಿಸಿಲಿನ ತಾಪದಿಂದ ರಕ್ಷಣೆ.

ಮುಚ್ಚಬೇಕು, ಶೋಭಿಸಬೇಕು, ಕಾಪಾಡಬೇಕು. ಅಂಗಡಿಯಲ್ಲಿ ನಿಂತಾಗ ನಾವು ಇವುಗಳಲ್ಲಿ ಎಷ್ಟನ್ನು ನೆನೆಯುತ್ತೇವೆ? ಬಹಳ ಸಲ ಶೋಭೆಯೊಂದೇ ಕಣ್ಣ ಮುಂದಿರುತ್ತದೆ. ಅದೂ ನಮಗೆ ಒಪ್ಪುವ ಶೋಭೆಯಲ್ಲ, ನಾಲ್ಕು ಜನ ನೋಡಿ ಬೆರಗಾಗಬೇಕೆಂಬ ಶೋಭೆ.

ಅಲಂಕಾರ ತಪ್ಪಲ್ಲ

ಧರ್ಮನಿಷ್ಠೆಯೆಂದರೆ ಹಳೆಯ, ಮಾಸಿದ ಬಟ್ಟೆ ತೊಡುವುದೆಂದು ತಿಳಿದವರಿದ್ದಾರೆ. ಇದು ಸರಿಯಲ್ಲ. ತನ್ನ ಬಟ್ಟೆ, ಪಾದರಕ್ಷೆಗಳು ಚೆನ್ನಾಗಿರಬೇಕೆಂದು ಬಯಸುವುದು ಅಹಂಕಾರವೇ ಎಂಬ ಸಂದೇಹ ಪ್ರವಾದಿವರ್ಯರ(ಸ) ಮುಂದೆಯೇ ಬಂದಿತ್ತು. ಅಲ್ಲಾಹನು ಸೌಂದರ್ಯವನ್ನು ಮೆಚ್ಚುತ್ತಾನೆಂದು ಅವರು ಸ್ಪಷ್ಟಪಡಿಸಿದರು. ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದು, ಇದೇ ಅಹಂಕಾರವೆಂದು ಕಲಿಸಿದರು (ಮುಸ್ಲಿಮ್). ಹಾಗೆಯೇ ಹೆಸರು ಗಳಿಸಲೆಂದೇ ಉಡುಪು ತೊಡುವವರಿಗೆ ಅಂತ್ಯದಿನದಂದು ಅಪಮಾನದ ಉಡುಪು ಕಾದಿದೆಯೆಂದು ಎಚ್ಚರಿಸಿದ್ದಾರೆ (ಅಬೂದಾವೂದ್).

ಅಂದರೆ ಪ್ರಶ್ನೆ ಇರುವುದು ಬಟ್ಟೆಯ ಹೊಳಪಿನಲ್ಲಲ್ಲ. ಅದನ್ನು ತೊಟ್ಟವಳು ಪಕ್ಕದಲ್ಲಿ ಕುಳಿತವಳನ್ನು ಯಾವ ಕಣ್ಣಿನಿಂದ ನೋಡುತ್ತಾಳೆ ಎಂಬುದರಲ್ಲಿ.

ರೇಷ್ಮೆಯನ್ನೇ ನೋಡೋಣ. ಅದು ಪುರುಷರಿಗೆ ನಿಷಿದ್ಧ, ಸ್ತ್ರೀಯರಿಗೆ ಧರ್ಮಸಮ್ಮತ (ತಿರ್ಮಿದಿ). ನಮ್ಮ ಚಿಕ್ಕಜಾಲದಿಂದ ದೇವನಹಳ್ಳಿ ದಾಟಿ ವಿಜಯಪುರ, ಶಿಡ್ಲಘಟ್ಟಗಳ ಕಡೆಗೆ ಹೋದರೆ ರೇಷ್ಮೆಗೂಡಿನಿಂದ ನೂಲು ತೆಗೆಯುವ ಕೆಲಸದಲ್ಲಿ ತೊಡಗಿರುವ ಎಷ್ಟೋ ಮುಸ್ಲಿಮ್ ಕುಟುಂಬಗಳು ಸಿಗುತ್ತವೆ. ಕುದಿಯುವ ನೀರಿನ ಹಬೆಯಲ್ಲಿ ನಿಂತು ಅವರು ತೆಗೆದ ನೂಲೇ ಮುಂದೆ ಮದುವೆಯ ಸೀರೆಯಾಗುತ್ತದೆ. ಅದನ್ನು ಉಡುವ ಸಹೋದರಿಯು ನೂಲು ತೆಗೆದ ಸಹೋದರಿಯನ್ನು ಕೀಳಾಗಿ ಕಂಡರೆ ಆ ರೇಷ್ಮೆಯ ಶೋಭೆ ಎಲ್ಲಿ ಉಳಿಯಿತು?

ಹಬ್ಬ ಋತುವಿನಿಂದ ಋತುವಿಗೆ ಸಾಗುತ್ತದೆ

ನಮ್ಮ ವರ್ಷ ಚಂದ್ರಮಾನದ್ದು. ಅದು ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಆದ್ದರಿಂದ ಈದ್ ಎಲ್ಲ ಋತುಗಳನ್ನೂ ಸುತ್ತಿ ಸುಮಾರು 33 ವರ್ಷಗಳಲ್ಲಿ ಮೊದಲಿದ್ದಲ್ಲಿಗೆ ಬರುತ್ತದೆ. 1999ರಲ್ಲಿ ಈದುಲ್ ಫಿತ್ರ್ ಜನವರಿಯ ಚಳಿಯಲ್ಲಿತ್ತು. 2009ರಲ್ಲಿ ಸೆಪ್ಟೆಂಬರಿನ ಮಳೆಗಾಲದಲ್ಲಿ ಬಂತು. 2024ರಲ್ಲಿ ಏಪ್ರಿಲ್ 11ರಂದು ಬಂದಾಗ ಸುಡುಬಿಸಿಲು. ಆ ತಿಂಗಳು ಮುಗಿಯುವ ಮೊದಲೇ ಬೆಂಗಳೂರಿನ ಉಷ್ಣಾಂಶ 38 ಡಿಗ್ರಿ ದಾಟಿತು. 2025ರಲ್ಲಿ ಹಬ್ಬ ಮಾರ್ಚ್ 31ಕ್ಕೆ ಸರಿಯಿತು. 2030ರ ಹೊತ್ತಿಗೆ ಅದು ಫೆಬ್ರವರಿಯ ಆರಂಭದಲ್ಲಿರುತ್ತದೆ.

ಹೀಗಿರುವಾಗ ಹಬ್ಬಕ್ಕೆಂದರೆ ಯಾವಾಗಲೂ ಒಂದೇ ಬಗೆಯ ಭಾರವಾದ, ಕಸೂತಿ ತುಂಬಿದ ಪಾಲಿಯೆಸ್ಟರ್ ಉಡುಪು ಕೊಳ್ಳುವುದು ಬುದ್ಧಿವಂತಿಕೆಯಲ್ಲ. ಹತ್ತಿಯ ಬಟ್ಟೆ ಬೆವರನ್ನು ಹೀರಿ ಗಾಳಿಯಾಡಲು ಬಿಡುತ್ತದೆ. ಪಾಲಿಯೆಸ್ಟರ್ ಬೆವರನ್ನು ಅಷ್ಟಾಗಿ ಹೀರದೆ ಮೈಗೆ ಅಂಟುತ್ತದೆ. ಬಿಸಿಲಿನಲ್ಲಿ ಕಪ್ಪು ಬಣ್ಣ ಹೆಚ್ಚು ಶಾಖವನ್ನು ಹೀರುತ್ತದೆ. ಮೇಲೊಂದು ಬುರ್ಖಾ ಧರಿಸುವ ಸಹೋದರಿಯರು ಇದನ್ನು ಇನ್ನಷ್ಟು ಯೋಚಿಸಬೇಕು. ಬೇಸಿಗೆಯಲ್ಲಿ ಒಳಗಿನದು ಹಗುರವಾದ ಹತ್ತಿಯದಾಗಿರಲಿ, ಬುರ್ಖಾ ಸಡಿಲವಾಗಿರಲಿ. ಪರದೆಗೆ ಕಪ್ಪೇ ಆಗಬೇಕೆಂಬ ವಿಧಿಯಿಲ್ಲ. ಮುಚ್ಚುವಂಥದ್ದು, ಸಡಿಲವಾದದ್ದು, ಮೈ ಕಾಣದಂಥದ್ದು ಆಗಿರಬೇಕೆಂಬುದೇ ಮುಖ್ಯ.

ಬಳ್ಳಾರಿ ರಸ್ತೆಯ ಈ ಬಯಲಿನಲ್ಲಿ ಡಿಸೆಂಬರ್-ಜನವರಿಯ ಮುಂಜಾನೆ ಮಂಜು ಕವಿದು ವಿಮಾನಗಳೇ ತಡವಾಗುತ್ತವೆ. ಆ ದಿನಗಳ ಮದುವೆಗೆ ದಪ್ಪ ರೇಷ್ಮೆ ಒಪ್ಪುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಬೆಂಗಳೂರಿಗೆ ಬಹಳ ಮಳೆ ಬರುವ ತಿಂಗಳುಗಳು. ಆಗ ನೆಲ ಗುಡಿಸುವ ಉದ್ದದ ಲೆಹೆಂಗಾ ಕೆಸರಿನ ಪಾಲಾಗುತ್ತದೆ. ನಮಾಝ್ ಮಾಡಬೇಕಾದವಳಿಗೆ ಬಟ್ಟೆಯ ಶುದ್ಧಿಯೂ ಮುಖ್ಯವಲ್ಲವೇ?

ತೆಳುಬಟ್ಟೆಯ ವಿಷಯ

ಬೇಸಿಗೆಯೆಂದು ತೀರ ತೆಳುವಾದ ಬಟ್ಟೆ ಆರಿಸುವವರಿಗೆ ಹದೀಸ್‌ನಲ್ಲಿ ಒಂದು ಪಾಠವಿದೆ. ಪ್ರವಾದಿವರ್ಯರು(ಸ) ತಮಗೆ ಉಡುಗೊರೆಯಾಗಿ ಬಂದಿದ್ದ ಈಜಿಪ್ಟಿನ ಬಟ್ಟೆಯೊಂದನ್ನು ಉಸಾಮ(ರ)ರಿಗೆ ಕೊಟ್ಟರು. ಅವರು ಅದನ್ನು ತಮ್ಮ ಪತ್ನಿಗೆ ತೊಡಿಸಿದರು. ಅದರೊಳಗೆ ಇನ್ನೊಂದು ಬಟ್ಟೆ ಧರಿಸುವಂತೆ ಹೇಳಬೇಕು, ಇಲ್ಲವಾದರೆ ಮೈಯ ಆಕಾರ ತೋರಬಹುದು ಎಂದು ಪ್ರವಾದಿವರ್ಯರು(ಸ) ಸೂಚಿಸಿದರು (ಅಹ್ಮದ್).

ಗಮನಿಸಿರಿ, ಬಟ್ಟೆಯನ್ನು ಎಸೆಯಿರೆಂದು ಹೇಳಲಿಲ್ಲ. ಒಳಗೆ ಇನ್ನೊಂದು ಧರಿಸಲಿ ಎಂದರು. ನಮ್ಮ ದರ್ಜಿಗಳು ಲೈನಿಂಗ್ ಎನ್ನುವುದು ಇದನ್ನೇ. ಜಾರ್ಜೆಟ್, ಶಿಫಾನ್‌ಗಳಿಗೆ ಹತ್ತಿಯ ಲೈನಿಂಗ್ ಕೊಡಿಸಿ, ತೋಳಿಗೂ ಕೊಡಿಸಿ. ದುಪಟ್ಟಾ ಎದೆಯನ್ನು ಮುಚ್ಚುವಷ್ಟು ಅಗಲವಿರಲಿ, ತಲೆಯಿಂದ ಜಾರದ ಬಟ್ಟೆಯದಾಗಿರಲಿ.

ಮದುವೆ ಮನೆ

ಇಂದು ಒಂದು ಮದುವೆಗೆ ಮಂಗ್ನಿ, ಹಲ್ದಿ, ಮೆಹಂದಿ, ನಿಕಾಹ್, ವಲೀಮಾ ಎಂದು ಐದು ಜೋಡಿ ಬಟ್ಟೆಗಳು ಬೇಕಾಗಿವೆ. ಮದುಮಗಳಿಗಷ್ಟೇ ಅಲ್ಲ, ಅವಳ ಅಕ್ಕತಂಗಿಯರಿಗೂ ಬೇಕು. ಒಮ್ಮೆ ತೊಟ್ಟು ಫೋಟೋದಲ್ಲಿ ಬಂದದ್ದನ್ನು ಮತ್ತೆ ತೊಡುವುದು ನಾಚಿಕೆಯಾಗಿಬಿಟ್ಟಿದೆ. ಇದಕ್ಕಾಗಿ ಮನೆಯ ಯಜಮಾನ ಬಡ್ಡಿಗೆ ಸಾಲ ಮಾಡುತ್ತಾನೆ. ಧರ್ಮಸಮ್ಮತವಾದ ಉಡುಪನ್ನು ನಿಷಿದ್ಧವಾದ ಬಡ್ಡಿಯಿಂದ ಕೊಳ್ಳುವುದು ಎಂಥ ವಿಪರ್ಯಾಸ! ಉಣ್ಣಿರಿ, ಉಡಿರಿ, ದಾನ ಮಾಡಿರಿ, ಆದರೆ ದುಂದು ಮತ್ತು ಗರ್ವ ಬೇಡ ಎಂಬುದು ಪ್ರವಾದಿವರ್ಯರ(ಸ) ಬೋಧನೆ (ನಸಾಈ). ಉಡುಪಿನೊಂದಿಗೆ ದಾನವನ್ನೂ ಸೇರಿಸಿ ಹೇಳಿರುವುದನ್ನು ಮರೆಯಬಾರದು.

ಶೋಕದ ದಿನಗಳು

ವಿಶೇಷ ಸಂದರ್ಭವೆಂದರೆ ಸಂತೋಷವೊಂದೇ ಅಲ್ಲ. ಪತಿ ತೀರಿಹೋದ ಸ್ತ್ರೀ ನಾಲ್ಕು ತಿಂಗಳು ಹತ್ತು ದಿನ, ಗರ್ಭಿಣಿಯಾಗಿದ್ದರೆ ಹೆರಿಗೆಯವರೆಗೆ, ಇದ್ದತ್ ಆಚರಿಸುತ್ತಾಳೆ. ಆ ಅವಧಿಯಲ್ಲಿ ಅವಳು ಅಲಂಕಾರದ ಉಡುಪು, ಆಭರಣ, ಸುಗಂಧಗಳಿಂದ ದೂರವಿರಬೇಕು. ಬಿಳಿಯನ್ನೇ ಉಡಬೇಕೆಂಬ ನಿಯಮವಿಲ್ಲ. ಇದ್ದತ್ ಮುಗಿದ ಬಳಿಕವೂ ಕೆಲವು ಮನೆಗಳಲ್ಲಿ ಅವಳನ್ನು ಮಾಸಲು ಬಟ್ಟೆಯಲ್ಲೇ ಇಟ್ಟು, ಮದುವೆ ಮನೆಯ ಮೂಲೆಯಲ್ಲಿ ಕೂರಿಸುತ್ತಾರೆ. ಇದು ಇಸ್ಲಾಮಿನ ವಿಧಿಯಲ್ಲ. ಅಲ್ಲಾಹನು ಎಳೆದ ಗಡುವನ್ನು ನಾವು ಬೆಳೆಸುವ ಹಾಗಿಲ್ಲ. ಅಂಥ ಸಹೋದರಿಗೆ ಹಬ್ಬದ ಬಣ್ಣದ ಉಡುಪನ್ನು ನಾವೇ ಮುಂದಾಗಿ ಕೊಡಿಸಬೇಕು.

ಮರೆತುಹೋದ ಒಂದು ಮಾದರಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಈದ್ ದಿನ ಸ್ತ್ರೀಯರೂ ಹೊರಡಬೇಕೆಂದು ಪ್ರವಾದಿವರ್ಯರು(ಸ) ಆದೇಶಿಸಿದಾಗ, ಹೊದೆಯಲು ಜಿಲ್‌ಬಾಬ್ ಇಲ್ಲದವಳು ಏನು ಮಾಡಬೇಕೆಂಬ ಪ್ರಶ್ನೆ ಎದ್ದಿತು. ಅವಳ ಸಹೋದರಿ ತನ್ನ ಜಿಲ್‌ಬಾಬನ್ನು ಅವಳಿಗೆ ಹೊದಿಸಲಿ ಎಂಬುದು ಅವರ ಉತ್ತರವಾಗಿತ್ತೆಂದು ಉಮ್ಮು ಅತಿಯ್ಯ(ರ) ವರದಿ ಮಾಡಿದ್ದಾರೆ (ಬುಖಾರಿ, ಮುಸ್ಲಿಮ್). ಸ್ತ್ರೀಯರು ಈದ್‌ಗಾಹ್‌ಗೆ ಹೋಗುವ ಕುರಿತು ವಿದ್ವಾಂಸರಲ್ಲಿರುವ ಚರ್ಚೆ ಇಲ್ಲಿ ನಮ್ಮ ವಿಷಯವಲ್ಲ. ಬಟ್ಟೆಯಿಲ್ಲವೆಂಬ ಕಾರಣಕ್ಕೆ ಒಬ್ಬ ಹೆಣ್ಣು ಸಮುದಾಯದ ಸಂತೋಷದಿಂದ ಹೊರಗುಳಿಯಬಾರದು, ಆ ಹೊಣೆ ಬಟ್ಟೆಯಿರುವ ಹೆಣ್ಣಿನದು ಎಂಬುದೇ ಇಲ್ಲಿಯ ಪಾಠ.

ಇನ್ನೊಂದು ಘಟನೆ. ಹ. ಆಯಿಶಾ(ರ) ಒಮ್ಮೆ ಐದು ದಿರ್ಹಮ್ ಬೆಲೆಯ ಒರಟು ಅಂಗಿಯೊಂದನ್ನು ತೊಟ್ಟಿದ್ದರು. ಅವರ ಮನೆಯ ದಾಸಿ ಅದನ್ನು ಮನೆಯೊಳಗೂ ತೊಡಲು ಒಪ್ಪುತ್ತಿರಲಿಲ್ಲ. ಪ್ರವಾದಿವರ್ಯರ(ಸ) ಕಾಲದಲ್ಲಿ ತಮ್ಮ ಬಳಿ ಅಂಥದೇ ಅಂಗಿಯೊಂದಿತ್ತು, ಮದೀನಾದಲ್ಲಿ ಸಿಂಗರಿಸಿಕೊಳ್ಳುವ ಹೆಣ್ಣುಮಕ್ಕಳೆಲ್ಲರೂ ಅದನ್ನೇ ಎರವಲು ತರಿಸಿಕೊಳ್ಳುತ್ತಿದ್ದರು ಎಂದು ಅವರು ಸ್ಮರಿಸಿದರು (ಬುಖಾರಿ). ಒಂದೇ ಅಂಗಿ ಎಷ್ಟು ಮನೆಗಳ ಸಂಭ್ರಮಕ್ಕೆ ಒದಗಿತು! ಯಾರೂ ಅದನ್ನು ಅವಮಾನವೆಂದು ತಿಳಿಯಲಿಲ್ಲ.

ನಮ್ಮ ಬೀರುಗಳನ್ನು ತೆರೆದು ನೋಡೋಣ. ಒಮ್ಮೆ ಮಾತ್ರ ತೊಟ್ಟ ನಿಕಾಹ್‌ನ ಜೋಡಾ ವರ್ಷಗಟ್ಟಲೆ ಮಡಚಿದಂತೆಯೇ ಇದ್ದು, ಮಡಿಕೆಯಲ್ಲೇ ಸೀಳುತ್ತದೆ, ಜರಿ ಕಪ್ಪಾಗುತ್ತದೆ. ಅದೇ ಮೊಹಲ್ಲಾದಲ್ಲಿ ಮಗಳ ಮದುವೆಗೆ ಬಟ್ಟೆ ಹೊಂದಿಸಲಾಗದೆ ತಾಯಿಯೊಬ್ಬಳು ಸಾಲಕ್ಕೆ ಅಲೆಯುತ್ತಿರುತ್ತಾಳೆ. ಈ ಎರಡು ಮನೆಗಳ ನಡುವಿನ ಗೋಡೆಯನ್ನು ದಾಟಿಸುವುದು ಎರವಲಿನ ಆ ಹಳೆಯ ರೂಢಿ. ಕೊಡುವವಳು ತೊಳೆದು, ಇಸ್ತ್ರಿ ಮಾಡಿ, ಯಾರಿಗೂ ಹೇಳದೆ ಕೊಡಲಿ. ಪಡೆದವಳು ಜೋಪಾನವಾಗಿ ಮರಳಿಸಲಿ. ಕೊಟ್ಟದ್ದನ್ನು ನಾಲ್ಕು ಜನರ ಮುಂದೆ ಎತ್ತಿ ಆಡಿದರೆ ಕೊಟ್ಟ ಪುಣ್ಯವೂ ಹೋಯಿತು, ಪಡೆದವಳ ಮಾನವೂ ಹೋಯಿತು.

ಕೊಳ್ಳುವ ಮುನ್ನ

ಪ್ರಿಯ ಸಹೋದರಿಯರೇ, ಮುಂದಿನ ಸಲ ಅಂಗಡಿಯಲ್ಲಿ ನಿಂತಾಗ ಐದು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ.

1. ಇದು ಮೈಯನ್ನು ಸರಿಯಾಗಿ ಮುಚ್ಚುತ್ತದೆಯೇ?
2. ಸಮಾರಂಭದ ದಿನದ ಬಿಸಿಲು, ಮಳೆ, ಚಳಿಗೆ ಇದು ಹೊಂದುತ್ತದೆಯೇ?
3. ಸಾಲವಿಲ್ಲದೆ ಇದನ್ನು ಕೊಳ್ಳಬಲ್ಲೆವೇ?
4. ಇದನ್ನು ಮತ್ತೆ ಮತ್ತೆ ತೊಡಬಹುದೇ?
5. ಇನ್ನೊಬ್ಬ ಸಹೋದರಿಗೆ ಇದನ್ನು ಸಂತೋಷದಿಂದ ಕೊಡಬಲ್ಲೆನೇ?

ಈದ್‌ನ ಖರೀದಿಯನ್ನು ಶಅಬಾನ್‌ನಲ್ಲೇ ಮುಗಿಸಿರಿ. ರಮಝಾನ್ ನಡುವಿಗೆ ಬಂದರೆ ದರ್ಜಿಗಳ ಕೈ ತುಂಬಿರುತ್ತದೆ. ಕೊನೆಯ ಹತ್ತು ರಾತ್ರಿಗಳು ಆರಾಧನೆಗೆಂದು ಇರುವಂಥವು, ಕಮರ್ಷಿಯಲ್ ಸ್ಟ್ರೀಟ್‌ನ ಜನಸಂದಣಿಯಲ್ಲಿ ಕಳೆಯಲಿಕ್ಕಲ್ಲ. ಬಡವರಿಗೆ ಬಟ್ಟೆ ಕೊಡುವವರೂ ಆಗಲೇ ಕೊಟ್ಟರೆ ಅವರಿಗೆ ಹೊಲಿಸಿಕೊಳ್ಳಲು ಸಮಯ ಸಿಗುತ್ತದೆ. ಹಬ್ಬದ ಹಿಂದಿನ ರಾತ್ರಿ ಕೈಗೆ ಬಂದ ಹೊಲಿಯದ ಬಟ್ಟೆ ಬೆಳಗಿನ ನಮಾಝಿಗೆ ಉಡುಪಾಗುವುದಿಲ್ಲ.

ದೇಹವನ್ನು ಮುಚ್ಚುವ ಉಡುಪಿನ ಜೊತೆಗೆ ದೇವಭಯದ ಉಡುಪನ್ನೂ ತೊಡುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.