ಪತ್ತೇದಾರಿ ಬರೆಯುವ ತಂಗಿಯ ಮಗಳಿಗೆ ಕಿವಿಮಾತು

ನಿನ್ನ ಕಾದಂಬರಿಯ ಮೊದಲ ಅಧ್ಯಾಯಗಳನ್ನು ಓದಿದೆ ಕಣಮ್ಮಾ. ಲೈಬ್ರರಿಯಲ್ಲಿ ಕೆಲಸ ಮಾಡುವ ಹುಡುಗಿ, ಎದುರುಮನೆ ಮೇಷ್ಟ್ರ ಅನುಮಾನದ ಸಾವು, ಅದೇ ಹೊತ್ತಿಗೆ ಮೇಷ್ಟ್ರ ತಮ್ಮನ ಮಗನ ಮೇಲೆ ಅವಳಿಗೆ ಮನಸ್ಸು. ಸರಕು ಗಟ್ಟಿಯಾಗಿದೆ. ಆದರೆ ಸಾವೂ ಪ್ರೇಮವೂ ಒಂದರ ಮುಖ ಒಂದು ನೋಡದೆ ಬೇರೆ ಬೇರೆ ಸಂಸಾರ ಹೂಡಿವೆ. ಅದಕ್ಕೇ ಈ ಮಾತು.

• ಪ್ರೇಮ ತನಿಖೆಗೆ ಅಡ್ಡ ಬರಬೇಕು, ಇಲ್ಲದಿದ್ದರೆ ಕಿತ್ತುಹಾಕು. ಪತ್ತೇದಾರಿ ಕಥೆಯಲ್ಲಿ ಪ್ರೇಮವೇ ಕೂಡದು ಅಂತ ಅಮೆರಿಕದ ಎಸ್.ಎಸ್. ವ್ಯಾನ್ ಡೈನ್ 1928ರಲ್ಲೇ ನಿಯಮ ಬರೆದಿಟ್ಟ. ಅದೇ ವರ್ಷ ಇಂಗ್ಲೆಂಡಿನ ಡೊರೊತಿ ಸೇಯರ್ಸ್ ಕೂಡ, ಕೆಲಸ ಬಿಟ್ಟು ಹುಡುಗಿಯರ ಹಿಂದೆ ಸುತ್ತುವ ಪತ್ತೇದಾರರನ್ನು ಕಂಡು ಗೊಣಗಿದ್ದಳು. ಎರಡೇ ವರ್ಷಕ್ಕೆ, ‘ಸ್ಟ್ರಾಂಗ್ ಪಾಯ್ಸನ್’ನಲ್ಲಿ, ತನ್ನ ಹವ್ಯಾಸಿ ಪತ್ತೇದಾರ ವಿಮ್ಸಿಯನ್ನೇ ಪ್ರೇಮಕ್ಕೆ ಬೀಳಿಸಿದಳು. ಯಾರ ಮೇಲೆ? ಹಳೆಯ ಪ್ರಿಯಕರನಿಗೆ ಆರ್ಸೆನಿಕ್ ಕೊಟ್ಟ ಆರೋಪದಲ್ಲಿ ಕಟಕಟೆಯಲ್ಲಿ ನಿಂತ ಹ್ಯಾರಿಯೆಟ್ ವೇನ್ ಮೇಲೆ! ಅವಳು ನಿರಪರಾಧಿ ಎಂದು ಸಾಬೀತಾಗದಿದ್ದರೆ ನೇಣು. ಅಲ್ಲಿ ಪ್ರೇಮವನ್ನು ತೆಗೆದರೆ ಕಥೆಯೇ ಬಿದ್ದುಹೋಗುತ್ತದೆ.

• ಒಪ್ಪಿಗೆಗೆ ಅವಸರ ಬೇಡ. ಜೀವ ಉಳಿಸಿದವನೇ ಕೇಳಿದರೂ ಹ್ಯಾರಿಯೆಟ್ ಬೇಡವೆಂದಳು. ಋಣಕ್ಕೆ ಮದುವೆಯಾಗಲು ಅವಳಿಗೆ ಮನಸ್ಸಿರಲಿಲ್ಲ. 1935ರ ‘ಗಾಡಿ ನೈಟ್’ವರೆಗೆ ಓದುಗರು ಕಾದರು. ನಿನ್ನವರಿಬ್ಬರು ಎರಡನೇ ಅಧ್ಯಾಯಕ್ಕೇ ಕೈ ಹಿಡಿದುಕೊಂಡಿದ್ದಾರೆ.

• ಬಂಗಾಳಿಯಲ್ಲಿ ಶರದಿಂದು ಬಂದ್ಯೋಪಾಧ್ಯಾಯರ ‘ಅರ್ಥಮನರ್ಥಂ’ ನೋಡು. ಪತ್ತೇದಾರ ಬ್ಯೋಮಕೇಶನಿಗೆ ಸತ್ಯವತಿ ಸಿಗುವುದು ಕೊಲೆಯಾದ ಮನೆಯಲ್ಲೇ. ಅನುಮಾನವಿರುವುದು ಅವಳ ಅಣ್ಣನ ಮೇಲೆ. ಆ ಇಬ್ಬರ ಪ್ರೇಮಕ್ಕೆ ಶರದಿಂದು ಕೊಟ್ಟ ಜಾಗ ತೀರ ಕಡಿಮೆ, ಆದರೂ ನೆನಪಿನಲ್ಲಿ ಉಳಿಯುವುದು ಅದೇ.

• ನಿನ್ನ ಹುಡುಗ ಮೇಷ್ಟ್ರ ಆಸ್ತಿಗೆ ವಾರಸುದಾರ ಅಲ್ಲವೇ? ಮತ್ತೆ ಅವಳು ಅವನನ್ನು ಯಾಕೆ ಅನುಮಾನಿಸಿಲ್ಲ? “ಆ ರಾತ್ರಿ ಎಲ್ಲಿದ್ದೆ?” ಅನ್ನುವ ಪ್ರಶ್ನೆ ಅವಳ ನಾಲಿಗೆ ತುದಿಗೆ ಬಂದು ನಿಲ್ಲಬೇಕು. ಕೇಳಿದರೆ ಹುಡುಗ ಹೋದ, ಕೇಳದಿದ್ದರೆ ಸತ್ಯ ಹೋಯಿತು. ನಿನ್ನ ಕಾದಂಬರಿ ಇರುವುದೇ ಅಲ್ಲಿ. ಐದಾರು ಪುಟ ಕೊಟ್ಟರೂ ದಂಡವಲ್ಲ.

• ಪೊಲೀಸರನ್ನು ಪೆದ್ದರನ್ನಾಗಿ ಮಾಡಬೇಡ. ಅನುಮಾನದ ಸಾವಿಗೆ ಮೊದಲು ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಾಗುತ್ತದೆ, ಪಂಚರ ಎದುರು ಶವ ಪಂಚನಾಮೆ, ಆಮೇಲೆ ಪೋಸ್ಟ್‌ಮಾರ್ಟಂ. 2024ರ ಜುಲೈ 1ರಿಂದ ಇದೆಲ್ಲ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 194ನೇ ಕಲಮಿನಡಿ. ಅದಕ್ಕೆ ಮೊದಲು ಸಿಆರ್‌ಪಿಸಿ 174. ವಿಷದ ಅನುಮಾನವಿದ್ದರೆ ಒಳಾಂಗಗಳ ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಹೋಗುತ್ತದೆ, ವರದಿ ಮಾರನೇ ದಿನ ಕೈಗೆ ಬರುವುದಿಲ್ಲ. ಆ ಕಾಯುವ ದಿನಗಳೇ ನಿನ್ನ ಪ್ರೇಮಕ್ಕೆ ಸಿಕ್ಕ ಜಾಗ, ಬಳಸಿಕೋ.

• ಹುಡುಗಿಗೆ ಲ್ಯಾಬ್ ಇಲ್ಲ, ವಾರಂಟ್ ಇಲ್ಲ. ಅವಳಿಗಿರುವುದು ಊರಿನ ಬಾಯಿ: ಹಾಲಿನವನು, ಹೂವಿನವಳು, ಮೆಡಿಕಲ್ ಶಾಪಿನ ಹುಡುಗ. ಮೇಷ್ಟ್ರ ಬೀಗ ಒಡೆದು ಮಾತ್ರೆ ಡಬ್ಬಿ ಎತ್ತಿಕೊಂಡು ಬರುವ ಸಾಹಸ ಬೇಡ. ಸಾಕ್ಷ್ಯ ಅಲ್ಲಿಗೇ ಕೆಟ್ಟಿತು. ನೋಡಲಿ, ನೆನಪಿಟ್ಟುಕೊಳ್ಳಲಿ, ಸಬ್‌ಇನ್‌ಸ್ಪೆಕ್ಟರಿಗೆ ಹೇಳಲಿ.

• ಅವರಿಬ್ಬರ ಭೇಟಿಗೆ ಮಳೆ, ಕೊಡೆ, ಕಾಫಿ ಒಂದು ಸಲ ಸಾಕು.

• ಸತ್ತ ಮೇಷ್ಟ್ರನ್ನು ಮರೆಯಬೇಡ ತಾಯಿ. ಇವರಿಬ್ಬರು ಹತ್ತಿರವಾಗಲಿ ಅಂತ ಅವರು ಸತ್ತಿದ್ದಲ್ಲ. ಅವರ ಹೆಂಡತಿಗೆ ಇಡೀ ಹಸ್ತಪ್ರತಿಯಲ್ಲಿ ಒಂದು ಮಾತೂ ಇಲ್ಲ. ಮೊದಲು ಅದನ್ನು ಬರಿ, ಆಮೇಲೆ ನಾಲ್ಕನೇ ಅಧ್ಯಾಯ ಕಳಿಸು.