ಮನುಷ್ಯರಿಲ್ಲದ ಫೋಟೋ ಕಾಡನ್ನು ಉಳಿಸುತ್ತದೆಯೇ?

ಪ್ರಶ್ನೆ: ನಿಸರ್ಗ ಛಾಯಾಗ್ರಹಣ ಸ್ಪರ್ಧೆಗೆ ಕಳಿಸುವ ಚಿತ್ರದಲ್ಲಿ ಮನುಷ್ಯರ ಸುಳಿವೇ ಇರಬಾರದಂತೆ. ಅಂಥ ಚಿತ್ರದಿಂದ ಪರಿಸರ ರಕ್ಷಣೆ ಹೇಗಾದೀತು?
– ಓದುಗರೊಬ್ಬರು, ಸಿದ್ಧಕಟ್ಟೆ

ಉತ್ತರ: ನಿಮ್ಮ ಸಂದೇಹ ಸಹಜವಾದದ್ದೇ.

ನೀವು ಹೇಳಿದ ನಿಯಮ ಹಲವು ಸ್ಪರ್ಧೆಗಳಲ್ಲಿ ಇದೆ. ನಿಸರ್ಗ ವಿಭಾಗದಲ್ಲಿ ಕಟ್ಟಡ, ಬೇಲಿ, ಸಾಕಿದ ದನ, ತೋಟದ ದಾಸವಾಳ ಸಾಮಾನ್ಯವಾಗಿ ಸಲ್ಲವು. ಚಿತ್ರದಲ್ಲಿ ಬಂದ ವಿದ್ಯುತ್ ತಂತಿಯನ್ನು ಕಂಪ್ಯೂಟರಿನಲ್ಲಿ ಅಳಿಸಿದರೆ ಸರಿಹೋಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಇದ್ದದ್ದನ್ನು ಅಳಿಸುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ನೋಡುವವರು ಚಿತ್ರವನ್ನು ನಂಬಬೇಕಲ್ಲ, ಅದಕ್ಕೆ ಈ ಬಿಗಿ.

ಆದರೆ ಇದು ಸ್ಪರ್ಧೆಯ ನಿಯಮ, ಸಂರಕ್ಷಣೆಯ ನಿಯಮವಲ್ಲ. ಗೊಂದಲ ಹುಟ್ಟುವುದು ಇಲ್ಲೇ. ನಿಮಗೆ ಹತ್ತಿರದ ಕುದುರೆಮುಖವನ್ನೇ ನೋಡಿ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮೇಲೂ ಅಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆದಿತ್ತು. 2001ರಲ್ಲಿ ಶೇಖರ್ ದತ್ತಾತ್ರಿಯವರು ‘ಮೈಂಡ್‌ಲೆಸ್ ಮೈನಿಂಗ್’ ಎಂಬ ಕಿರು ಸಾಕ್ಷ್ಯಚಿತ್ರ ಮಾಡಿದರು. ಗಣಿಯಿಂದ ಮಳೆಕಾಡಿಗೂ ಭದ್ರಾ ನದಿಗೂ ಆದ ಹಾನಿಯನ್ನು ಅದು ಜನರ ಕಣ್ಣಮುಂದಿಟ್ಟಿತು. ಹಸಿರು ಶೋಲಾ ಕಾಡಿನ ಚಿತ್ರ ಮಾತ್ರ ನೋಡಿದವರಿಗೆ ಎಲ್ಲವೂ ಚೆನ್ನಾಗಿದೆ ಅನ್ನಿಸುತ್ತದೆ. ಅಗೆದ ಗುಡ್ಡ ಮಾತ್ರ ನೋಡಿದವರಿಗೆ ಕಳೆದುಕೊಂಡದ್ದೇನೆಂದು ತಿಳಿಯುವುದಿಲ್ಲ. ಎರಡೂ ಬೇಕು.

ಹಾಗೆಂದು ಚಿತ್ರವೊಂದೇ ಗಣಿ ನಿಲ್ಲಿಸಿತು ಎನ್ನಲಾಗದು. ನಾಗರಹೊಳೆಯ ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರು ನ್ಯಾಯಾಲಯದ ಮೆಟ್ಟಿಲೇರಿದ್ದರು. ಭದ್ರೆಯ ಹೂಳನ್ನು ವಿಜ್ಞಾನಿಗಳು ಅಳೆದಿದ್ದರು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ಗಣಿಗೆ ಗಡುವು ವಿಧಿಸಿತು, 2005ರ ಕೊನೆಗೆ ಕೆಲಸ ನಿಂತಿತು. ಕಡತದ ಅಂಕಿಗಳು ಓದಿದವರಿಗಷ್ಟೇ ತಿಳಿಯುತ್ತವೆ. ಚಿತ್ರ ಎಲ್ಲರಿಗೂ ತಿಳಿಯುತ್ತದೆ. ಅದರ ಬಲ ಅಷ್ಟು, ಮತ್ತು ಅದು ಸಣ್ಣ ಬಲವಲ್ಲ.

ಇಂಥ ಚಿತ್ರ ತೆಗೆಯಲು ದುಬಾರಿ ಕ್ಯಾಮೆರಾ ಬೇಡ. ನಿಮ್ಮೂರಿನ ಒಂದು ನಾಗಬನವನ್ನೋ ತೋಡನ್ನೋ ಆರಿಸಿಕೊಳ್ಳಿ. ಬನವಾದರೆ ಅದು ಸೇರಿದ ಮನೆಯವರ ಒಪ್ಪಿಗೆ ಪಡೆದು, ಹೊರಗೆ ನಿಂತೇ ತೆಗೆಯಿರಿ. ಪ್ರತಿವರ್ಷ ಅದೇ ಜಾಗದಿಂದ, ಅದೇ ತಿಂಗಳಲ್ಲಿ ತೆಗೆದು, ದಿನಾಂಕ ಬರೆದಿಡಿ. ಸುತ್ತ ಕಾಂಕ್ರೀಟ್ ಕಟ್ಟೆ ಬಂದರೆ ಅದನ್ನು ಚೌಕಟ್ಟಿನಿಂದ ಹೊರಗಿಡಬೇಡಿ. ಹಕ್ಕಿಯ ಗೂಡು ಕಂಡರೆ ಮಾತ್ರ ಹತ್ತಿರ ಹೋಗಬೇಡಿ, ಗೂಡಿನ ಜಾಗವನ್ನು ಯಾರಿಗೂ ಹೇಳಲೂಬೇಡಿ.