ಗೆಣ್ಣಿನ ಲೆಕ್ಕ

ನಮ್ಮ ಕಡೆಯ ಹೆಂಗಸರು ಮುಟ್ಟಿನ ದಿನಗಳನ್ನು ಕ್ಯಾಲೆಂಡರ್ ನೋಡಿ ಹೇಳುವುದು ಕಡಿಮೆ. ಹೆಬ್ಬೆರಳನ್ನು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಒಂದೊಂದಾಗಿ ಸರಿಸುತ್ತಾ, "ನಾಗರಪಂಚಮಿ ಆದ ಮೂರು ದಿನಕ್ಕ ಆಗಿತ್ರೀ ಬಾಯಾರ, ಆಮ್ಯಾಲೆ ಆಗೇ ಇಲ್ಲ" ಎನ್ನುತ್ತಾರೆ. ಹಬ್ಬ, ಅಮಾವಾಸ್ಯೆ, ಸಂತೆ, ಜಾತ್ರೆ ಇವೇ ಅವರ ತಾರೀಖುಗಳು. ಹೊಸದಾಗಿ ಡಾಕ್ಟರಾಗಿ ಬಂದಾಗ ನನಗೆ ಇದರಿಂದ ಕಿರಿಕಿರಿಯಾಗುತ್ತಿತ್ತು. ಇಷ್ಟು ವರ್ಷ ಹೆರಿಗೆ ವಾರ್ಡಿನಲ್ಲಿ ಕಳೆದ ಮೇಲೆ ಹೇಳುತ್ತೇನೆ: ಅವರ ಲೆಕ್ಕ ತಪ್ಪಿದ್ದಕ್ಕಿಂತ ನಮ್ಮ ಲೆಕ್ಕ ತಪ್ಪಿದ್ದೇ ಹೆಚ್ಚು. ಯಾರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ನನ್ನ ತಪ್ಪನ್ನು ಮಾತ್ರ ಬದಲಿಸಿಲ್ಲ.

2009ರ ಮಳೆಗಾಲ. ತಾಲೂಕು ಆಸ್ಪತ್ರೆಯೊಂದರಲ್ಲಿ ಸಂಜೆ ಡ್ಯೂಟಿ. ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳನ್ನು ಅವಳ ಚಿಗವ್ವ ಕರೆತಂದಳು. ಹುಡುಗಿ ಬಾಯಿ ಬಿಡಲಿಲ್ಲ. ಚಿಗವ್ವ "ನಿನ್ನೆ ಹೊಲದಿಂದ ಬರೂ ಮುಂದ..." ಎಂದು ಶುರು ಮಾಡಿ, ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಏನಾಗಿದೆ ಎಂದು ನನಗೆ ತಿಳಿಯಿತು. ಹಿರಿಯರು ಕಲಿಸಿದ ಪಾಠವೂ ಆ ಕ್ಷಣವೇ ನೆನಪಾಯಿತು: ಇಂಥ ಕೇಸಿಗೆ ಕೈ ಹಚ್ಚಬೇಡ, ಮೊದಲು ಠಾಣೆಯಿಂದ ಪತ್ರ ಬರಲಿ. ಹಾಗೆಯೇ ಹೇಳಿದೆ. ಬೈಯದೆ, ಸಮಾಧಾನದ ದನಿಯಲ್ಲೇ ಹೇಳಿದೆ. ಹಾಗೆ ಹೇಳಿದ್ದರಿಂದಲೋ ಏನೋ, ತಪ್ಪು ಮಾಡಿದೆ ಎಂದು ಅವತ್ತು ಅನಿಸಲೂ ಇಲ್ಲ.

ಅವರು ತಲೆಯಾಡಿಸಿ ಹೋದರು. ಠಾಣೆಗೆ ಹೋಗಲಿಲ್ಲ, ಬಸ್ ಸ್ಟ್ಯಾಂಡಿಗೆ ಹೋದರು. ಆಸ್ಪತ್ರೆಯ ಎದುರಿಗೇ ಮೆಡಿಕಲ್ ಶಾಪ್ ಇತ್ತು. 2005ರಿಂದ ಚೀಟಿ ಇಲ್ಲದೆಯೇ ಸಿಗುತ್ತಿದ್ದ, ಟಿವಿಯಲ್ಲಿ ಜಾಹೀರಾತು ಬರುತ್ತಿದ್ದ, ಗರ್ಭ ನಿಲ್ಲದಂತೆ ತಡೆಯುವ ತುರ್ತು ಮಾತ್ರೆ ಅಲ್ಲಿತ್ತು. ಅದರ ಬಗ್ಗೆ ಪರೀಕ್ಷೆಯಲ್ಲಿ ಉತ್ತರ ಬರೆದು ಅಂಕ ತೆಗೆದುಕೊಂಡವಳು ನಾನು. ಬೇಕಾದ ಹೊತ್ತಿನಲ್ಲಿ ಅದರ ಹೆಸರು ನನ್ನ ಬಾಯಿಗೆ ಬರಲಿಲ್ಲ.

ಆರು ವಾರದ ಮೇಲೆ ಅವರಿಬ್ಬರೂ ಮತ್ತೆ ಬಂದರು. ಮೂತ್ರ ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಮೂಡಿತು. ಚಿಗವ್ವ ಅದನ್ನು ನೋಡಿ, ನನ್ನ ಮುಖ ನೋಡಿ, "ಅವತ್ತೇ ಬಂದಿದ್ವಲ್ರೀ ಬಾಯಾರ" ಎಂದಳು. ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಾನೂ ಏನಾದರೊಂದು ಸಮಜಾಯಿಷಿ ಹೇಳುತ್ತಿದ್ದೆನೇನೋ.

ಗರ್ಭ ತೆಗೆಯುವ ಕೆಲಸವನ್ನು ನಾನೇ ಮಾಡಿದೆ. ಕಾನೂನು ಅಷ್ಟರ ಮಟ್ಟಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದಿತ್ತು. ಕೆಲವು ವರ್ಷಗಳ ನಂತರ ಒಂದು ತರಬೇತಿಯಲ್ಲಿ ಕರ್ನಾಟಕ ಸರ್ಕಾರ ಮತ್ತು ಮಂಜಣ್ಣ ಪ್ರಕರಣದ ತೀರ್ಪಿನ ಬಗ್ಗೆ ಕೇಳಿದೆ. ಪೊಲೀಸರು ಕಳಿಸದ ಹೊರತು ಅತ್ಯಾಚಾರಕ್ಕೊಳಗಾದವಳನ್ನು ಪರೀಕ್ಷಿಸುವುದಿಲ್ಲ ಎನ್ನುವ ಹಳ್ಳಿಗಾಡಿನ ಸರ್ಕಾರಿ ಆಸ್ಪತ್ರೆಗಳ ಪದ್ಧತಿಯನ್ನು ಸುಪ್ರೀಂ ಕೋರ್ಟ್ ಅದರಲ್ಲಿ ಕಟುವಾಗಿ ಟೀಕಿಸಿತ್ತು. ತೀರ್ಪು ಬಂದದ್ದು 2000ದಲ್ಲಿ, ಅದೂ ನಮ್ಮದೇ ರಾಜ್ಯದ ಪ್ರಕರಣದಲ್ಲಿ. ನಾನು ಆ ಹುಡುಗಿಯನ್ನು ವಾಪಸ್ ಕಳಿಸಿದ್ದು ಅದಾದ ಒಂಬತ್ತು ವರ್ಷಕ್ಕೆ. 2013ರಲ್ಲಿ ಇದು ಕಾನೂನಿನಲ್ಲೇ ಬಂತು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಯಾವ ಆಸ್ಪತ್ರೆಯೂ ಚಿಕಿತ್ಸೆ ನಿರಾಕರಿಸುವಂತಿಲ್ಲ, ಹಣ ಕೇಳುವಂತಿಲ್ಲ, ನಿರಾಕರಿಸಿದರೆ ಶಿಕ್ಷೆ. ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕೆಲಸ. ಪೊಲೀಸರ ಪತ್ರ ತರುವುದು ಅವಳ ಕೆಲಸವಲ್ಲ. ಈಗ ನನ್ನ ಕೈಕೆಳಗೆ ಬರುವ ಹುಡುಗ ಡಾಕ್ಟರುಗಳಿಗೆ ಮೊದಲ ದಿನವೇ ಹೇಳುವ ಮಾತು ಒಂದೇ: ಮೊದಲು ಮಾತ್ರೆ, ಆಮೇಲೆ ಪೆನ್ನು.

ಆ ಮಾತ್ರೆಯ ವಿಷಯದಲ್ಲಿ ಗಂಟೆಗೂ ಬೆಲೆಯಿದೆ. ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ, ಒಂದೇ ಸಲ ನುಂಗುವುದು. 72 ಗಂಟೆಯೊಳಗೆ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಜನ ಅದನ್ನು ಮೂರು ದಿನದ ಗಡುವು ಎಂದು ಓದಿಕೊಂಡು, ಮೂರನೆಯ ದಿನ ಸಂಜೆ ಬರುತ್ತಾರೆ. ಆದರೆ ಗಂಟೆ ಕಳೆದಂತೆ ಅದರ ಬಲ ಕುಗ್ಗುತ್ತದೆ. ಕಾರಣ ಸರಳ. ಅಂಡ ಬಿಡುಗಡೆಯಾಗುವುದನ್ನು ಅದು ಮುಂದೂಡುತ್ತದೆ, ಅಷ್ಟೇ. ಅಂಡ ಆಗಲೇ ಹೊರಬಿದ್ದಿದ್ದರೆ ಅದರ ಕೈಲಿ ಏನೂ ಆಗದು. ಗರ್ಭ ನಿಂತ ಮೇಲೆ ನುಂಗಿದರೆ ಗರ್ಭ ಹೋಗುವುದೂ ಇಲ್ಲ, ಗರ್ಭಕ್ಕೆ ಕೆಡುಕೂ ಆಗುವುದಿಲ್ಲ. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಕೊಡಬೇಕು. ತಡವಾಗಿ ಬಂದವಳಿಗೆ ಕಾಪರ್-ಟಿ ಇದೆ. ಐದು ದಿನದೊಳಗೆ ಹಾಕಿದರೆ ಅದು ಮಾತ್ರೆಗಿಂತಲೂ ಗಟ್ಟಿ. ಆದರೆ ಅಂಥ ದಿನ ಅನುಭವಿಸಿದವಳಿಗೆ ಮತ್ತೊಂದು ಒಳಪರೀಕ್ಷೆ ಎಂದರೆ ಜೀವ ಹೋದಂತಾಗುತ್ತದೆ. ಅದಕ್ಕೇ ಕೇಳಬೇಕು, ಹೇರಬಾರದು.

"ಇದು ಬಸುರು ತೆಗೆಯೂ ಗುಳಿಗೆ ಏನ್ರೀ? ಪಾಪ ಹತ್ತೂದಿಲ್ಲಾ?" ಈ ಪ್ರಶ್ನೆ ನನಗೆ ಬಹಳ ಸಲ ಬಂದಿದೆ. ಹೊಲ ಬಿತ್ತಿದವರಿಗೆ ಹೊಲದ ಮಾತಲ್ಲೇ ಹೇಳುತ್ತೇನೆ: "ಬೀಜಾನೇ ಬಿದ್ದಿಲ್ಲವ್ವಾ, ಮೊಳಕಿ ಎಲ್ಲಿಂದ ಕೀಳೂದು?" ಗರ್ಭ ತೆಗೆಯುವ ಮಾತ್ರೆಗಳು ಬೇರೆ. ಅವು ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್, ಒಂಬತ್ತು ವಾರದವರೆಗೆ, ವೈದ್ಯರು ಬರೆದುಕೊಟ್ಟರೆ ಮಾತ್ರ. ಇವೆರಡನ್ನೂ ಒಂದೇ ಎಂದುಕೊಂಡ ಮೆಡಿಕಲ್ ಶಾಪಿನವರನ್ನೂ ನೋಡಿದ್ದೇನೆ.

ಗಂಟೆಗಳು ಕೈತಪ್ಪಿದ ಮೇಲೆ ದಿನಗಳ ಲೆಕ್ಕ. ಮೂತ್ರದ ಪಟ್ಟಿ ಹುಡುಕುವುದು ಎಚ್‌ಸಿಜಿ ಎಂಬ ಹಾರ್ಮೋನನ್ನು. ಗರ್ಭ ಕಟ್ಟಿ, ಗರ್ಭಕೋಶದ ಗೋಡೆಗೆ ಅಂಟಿದ ಮೇಲೆಯೇ ಅದು ಹುಟ್ಟುವುದು. ಹಾಗಾಗಿ ಘಟನೆಯ ಮರುದಿನವೋ ನಾಲ್ಕನೆಯ ದಿನವೋ ಪರೀಕ್ಷೆ ಮಾಡಿ ಒಂದೇ ಗೆರೆ ಬಂದರೆ ಅದಕ್ಕೆ ಅರ್ಥವಿಲ್ಲ. ಇದನ್ನು ಹೇಳದೆ ಕಳಿಸಿದ್ದಕ್ಕೆ, ಒಂದೇ ಗೆರೆಯನ್ನು ನಂಬಿಕೊಂಡು ಮೂರು ತಿಂಗಳು ಸುಮ್ಮನಿದ್ದು ಬಂದವಳನ್ನು ಕಂಡಿದ್ದೇನೆ. ಈಗ ಬೆರಳು ಹಿಡಿದು ಎಣಿಸಿ ಹೇಳುತ್ತೇನೆ: ಇವತ್ತಿಗೆ ಮೂರು ವಾರಕ್ಕೆ, ಮುಟ್ಟಾಗಿರಲಿ ಬಿಡಲಿ, ಬೆಳಗಿನ ಮೊದಲ ಮೂತ್ರದಲ್ಲಿ ನೋಡು. ಆಶಾ ಕಾರ್ಯಕರ್ತೆಯ ಹತ್ತಿರ ನಿಶ್ಚಯ್ ಕಿಟ್ ಪುಕ್ಕಟೆ ಸಿಗುತ್ತದೆ. ಆದರೆ ಆಶಾ ಅದೇ ಓಣಿಯವಳು, ಬಹಳ ಸಲ ನೆಂಟಳೂ ಹೌದು. ಅವಳಲ್ಲಿ ಕೇಳಲಾರೆ ಎನ್ನುವವರ ಕೈಗೆ ನಾನೇ ಒಂದು ಪಟ್ಟಿ ಕೊಟ್ಟು ಕಳಿಸುತ್ತೇನೆ.

ವಾರಗಳ ಲೆಕ್ಕದಲ್ಲಂತೂ ಓದಿದವರೇ ಎಡವುತ್ತಾರೆ. ಒಮ್ಮೆ ದೂರು ದಾಖಲಾಗಿದ್ದ ಪ್ರಕರಣವೊಂದರಲ್ಲಿ ಸ್ಕ್ಯಾನಿಂಗ್ ರಿಪೋರ್ಟ್ ಎಂಟು ವಾರ ಎಂದಿತು. ಘಟನೆ ನಡೆದು ಆರು ವಾರವಾಗಿತ್ತು. ಜೊತೆಗೆ ಬಂದಿದ್ದ ಹೆಡ್ ಕಾನ್‌ಸ್ಟೇಬಲ್ ರಿಪೋರ್ಟ್ ಓದಿ, "ಎರಡು ವಾರ ಮೊದಲs ಬಸುರಿದ್ದಳಲ್ಲರೀ ಮೇಡಂ" ಎಂದ. ಕೆಟ್ಟವನೇನಲ್ಲ, ಕೂಡಿ ಕಳೆದು ಹೇಳಿದ್ದ. ಪಕ್ಕದಲ್ಲಿದ್ದ ಹುಡುಗಿಯ ಅಣ್ಣ ತಲೆ ತಗ್ಗಿಸಿದ. ಅವಳು ಗೋಡೆ ನೋಡುತ್ತಾ ನಿಂತಳು.

ಗರ್ಭದ ವಾರಗಳನ್ನು ನಾವು ಎಣಿಸುವುದು ಗರ್ಭ ಕಟ್ಟಿದ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ಗರ್ಭ ಕಟ್ಟುವುದು ಸುಮಾರು ಎರಡು ವಾರ ಬಿಟ್ಟು. ಅಂದರೆ ರಿಪೋರ್ಟಿನ ಎಂಟು ವಾರ ಅವಳ ಮಾತನ್ನು ಸುಳ್ಳಾಗಿಸಲಿಲ್ಲ, ದಿನ ಹೊಂದಿಸಿ ನಿಜವಾಗಿಸಿತು. ಅವರಿಬ್ಬರನ್ನೂ ಕೂರಿಸಿ, ಗೆಣ್ಣು ಎಣಿಸಿಯೇ ತೋರಿಸಿದೆ. ಅವತ್ತಿನಿಂದ ರಿಪೋರ್ಟಿನಲ್ಲಿ ಒಂದು ಸಾಲು ಹೆಚ್ಚಿಗೆ ಬರೆಯುತ್ತೇನೆ: "ಕೊನೆಯ ಮುಟ್ಟಿನಿಂದ ಎಂಟು ವಾರ, ಗರ್ಭ ಕಟ್ಟಿದ್ದು ಅಂದಾಜು ಆರು ವಾರದ ಹಿಂದೆ." ಅವತ್ತೇ ಕಲಿತ ಇನ್ನೊಂದು ಮಾತು: ತೆಗೆದ ಗರ್ಭದ ಅಂಶ ಸಾಕ್ಷಿಯಾಗಬೇಕಾದರೆ ಅದನ್ನು ಫಾರ್ಮಲಿನ್‌ನಲ್ಲಿ ಹಾಕಬಾರದು, ಡಿಎನ್‌ಎ ಕೆಡುತ್ತದೆ. ಸಲೈನ್‌ನಲ್ಲಿಟ್ಟು, ತಣ್ಣಗೆ ಕಾಯ್ದು ಪೊಲೀಸರಿಗೆ ಒಪ್ಪಿಸಬೇಕು.

ಇನ್ನು ಕಾನೂನು. ನಮ್ಮ ಗರ್ಭಪಾತ ಕಾಯ್ದೆ 1971ರದು. ಅತ್ಯಾಚಾರದಿಂದ ಬಂದ ಗರ್ಭದ ಸಂಕಟವನ್ನು ಹೆಣ್ಣಿನ ಮಾನಸಿಕ ಆರೋಗ್ಯಕ್ಕೆ ಆದ ಗಂಭೀರ ಹಾನಿ ಎಂದೇ ಭಾವಿಸತಕ್ಕದ್ದು ಎಂದು ಅದು ಅವತ್ತೇ ಹೇಳಿತ್ತು. 2021ರ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದ ನಡುವೆ ಇಬ್ಬರದು ಬೇಕು. ಅದು ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತೆಯರು, ಗರ್ಭಿಣಿಯಾಗಿದ್ದಾಗ ವಿಧವೆಯಾದವರು ಅಥವಾ ವಿಚ್ಛೇದನವಾದವರು ಮುಂತಾದವರಿಗೆ. ಎಫ್‌ಐಆರ್ ಪ್ರತಿ ತನ್ನಿ ಎಂದು ಕಾಯ್ದೆ ಎಲ್ಲೂ ಕೇಳುವುದಿಲ್ಲ. ಹದಿನೆಂಟು ತುಂಬಿದವಳಿಗೆ ಅವಳ ಒಪ್ಪಿಗೆಯೇ ಒಪ್ಪಿಗೆ. ಆದರೂ ನಮ್ಮ ಕಾರಿಡಾರುಗಳಲ್ಲಿ ಎಫ್‌ಐಆರ್, ಗಂಡನ ಸಹಿ, ಅಪ್ಪನ ಆಧಾರ್ ಎಲ್ಲವನ್ನೂ ಕೇಳುತ್ತಾರೆ. ಕಾನೂನು ಬರೆದವರಿಗಿಂತ ನಾವು ಹೆಚ್ಚು ಕಾನೂನು ಮಾಡುತ್ತೇವೆ.

24 ದಾಟಿದರೆ ಅತ್ಯಾಚಾರ ಎಂಬ ಕಾರಣಕ್ಕೂ ಬಾಗಿಲು ಮುಚ್ಚುತ್ತದೆ. ಅಲ್ಲಿಂದಾಚೆ ಭ್ರೂಣದ ತೀವ್ರ ದೋಷ, ಇಲ್ಲವೇ ತಾಯಿಯ ಜೀವಾಪಾಯ. ಉಳಿದವರಿಗೆ ಹೈಕೋರ್ಟಿನ ಮೆಟ್ಟಿಲು. ಆ ಮೆಟ್ಟಿಲು ಹತ್ತಬೇಕಾಗುವವರು ಹೆಚ್ಚಾಗಿ ಮಕ್ಕಳು. ಒಂಬತ್ತನೇ ತರಗತಿಯ ಹುಡುಗಿಯನ್ನು "ಹೊಟ್ಟಿ ಉಬ್ಬರ, ಗ್ಯಾಸ್ ಆಗೇತಿ" ಎಂದು ತಾಯಿ ಕರೆತಂದಳು. 26 ವಾರ. ದೊಡ್ಡವಳಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಮುಟ್ಟು ಸರಿಯಾಗಿ ಬರುತ್ತಿರಲಿಲ್ಲ. ನಿಂತದ್ದು ತಾಯಿಗೂ ತಿಳಿಯಲಿಲ್ಲ. ಎಣಿಸಲು ಗೆಣ್ಣೇ ಇಲ್ಲದವಳಿಗೆ ಕಾನೂನು ವಾರ ಎಣಿಸಿತು. 2017ರಲ್ಲಿ ಚಂಡೀಗಢದ ಹತ್ತು ವರ್ಷದ ಮಗುವಿಗೆ 32 ವಾರವಾಗಿದೆ ಎಂದು ಸುಪ್ರೀಂ ಕೋರ್ಟ್ ಅನುಮತಿ ಕೊಡದಿದ್ದಾಗ ಪತ್ರಿಕೆಯಲ್ಲಿ ಓದಿ ಮರುಗಿದ್ದೆ. ಎದುರಿಗೇ ಬಂದು ಕೂತಾಗ ಮರುಕದಿಂದ ಏನೂ ನಡೆಯುವುದಿಲ್ಲ. ಅಪ್ರಾಪ್ತೆಯಾದರೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಆ ಹೆದರಿಕೆಗೇ ಬಹಳ ತಾಯಂದಿರು ಬಾಗಿಲಿನಿಂದಲೇ ತಿರುಗುತ್ತಾರೆ. ಹುಡುಗಿಯೂ ಪೋಷಕರೂ ಕೋರಿದರೆ ಗರ್ಭಪಾತ ಮಾಡುವ ವೈದ್ಯರು ಅವಳ ಹೆಸರು ಬಹಿರಂಗಪಡಿಸಬೇಕಿಲ್ಲ ಎಂದು 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದು ಗೊತ್ತಿರುವ ತಾಯಂದಿರು ಎಷ್ಟು ಜನ? ಡಾಕ್ಟರುಗಳಾದರೂ ಎಷ್ಟು ಜನ?

ಇಷ್ಟೆಲ್ಲ ಬರೆಯುವಾಗ ಬೆಳಗಾವಿಯ ಮಗಳು ಸವಿತಾ ಹಾಲಪ್ಪನವರ ನೆನಪಾಗುತ್ತಾರೆ. 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇಯಲ್ಲಿ ತೀರಿಕೊಂಡ ದಂತವೈದ್ಯೆ. 17 ವಾರದ ಗರ್ಭ ಉಳಿಯದೆಂದು ಗೊತ್ತಿದ್ದರೂ ಎದೆಬಡಿತ ಇದೆಯೆಂದು ಅಲ್ಲಿ ಕಾದರು, ನಂಜು ಏರಿತು. ತಾಯಿಯ ಜೀವಕ್ಕೆ ಅಪಾಯವಿದ್ದರೆ ತೆಗೆಯಬಹುದು ಎಂಬ ವಿನಾಯಿತಿ ಆ ದೇಶದಲ್ಲೂ ಇತ್ತು. ಎಷ್ಟು ಅಪಾಯವಾದರೆ ಅಪಾಯ ಎಂದು ಹಾಸಿಗೆಯ ಪಕ್ಕ ನಿಂತವರು ತೂಗುತ್ತಾ ಕೂತರು. ಆ ಸುದ್ದಿ ಓದುತ್ತಿದ್ದ ನನಗೆ ಠಾಣೆಯ ಪತ್ರ ಕೇಳಿದ ಆ ಸಂಜೆ ಕಣ್ಣಿಗೆ ಕಟ್ಟಿತು.

2018ರ ಮೇ 25ರಂದು ಅಲ್ಲಿ ಜನಮತ ನಡೆದು, ಮತ ಹಾಕಿದವರಲ್ಲಿ 66.4 ಪ್ರತಿಶತ ಜನ ಗರ್ಭಪಾತಕ್ಕೆ ಅಡ್ಡವಾಗಿದ್ದ ಸಂವಿಧಾನದ ವಿಧಿ ಬೇಡ ಎಂದರು. ಅದಕ್ಕೂ ಮುಂಚೆ ಸಂಸತ್ತಿನ ಸಮಿತಿಯೊಂದು, ಅತ್ಯಾಚಾರಕ್ಕೊಳಗಾದವರಿಗೆ ಮಾತ್ರ ವಿನಾಯಿತಿ ಕೊಟ್ಟರೆ ಹೇಗೆ ಎಂದು ಯೋಚಿಸಿತ್ತು. ಅದನ್ನು ಖಚಿತಪಡಿಸುವುದು ಹೇಗೆ, ಕೇಳುವುದೇ ಅವಳಿಗೆ ಇನ್ನೊಂದು ಗಾಯವಲ್ಲವೇ ಎಂಬಲ್ಲಿಗೆ ಬಂದು ನಿಂತು, 12 ವಾರದವರೆಗೆ ಕಾರಣವನ್ನೇ ಕೇಳುವುದು ಬೇಡ ಎಂದು ಶಿಫಾರಸು ಮಾಡಿತು. ಕಾನೂನೂ ಹಾಗೇ ಬಂತು.

ನಮ್ಮಲ್ಲಿ ಕಾರಣ ಬರೆಯಲೇಬೇಕು. ಆದರೆ ಗರ್ಭನಿರೋಧಕ ವಿಫಲವಾಯಿತು ಎಂಬುದೂ ಕಾರಣವೇ, 2021ರಿಂದ ಮದುವೆಯಾಗದವಳಿಗೂ. ಮನಸ್ಸಿನ ಆರೋಗ್ಯವೂ ಕಾರಣವೇ. ಆಪತ್ತಿನಲ್ಲಿ ಬಂದವಳ ಬಾಯಿಂದ 'ಅತ್ಯಾಚಾರ' ಎಂಬ ಪದ ಹೊರಡಿಸದೆಯೂ 20 ವಾರದೊಳಗೆ ಅವಳ ಕೆಲಸ ಆಗುತ್ತದೆ. ಹೇಳಿಕೊಂಡರೆ ಕೇಳುತ್ತೇನೆ, ದೂರು ಕೊಡುವುದಾದರೆ ಜೊತೆಗೆ ನಿಲ್ಲುತ್ತೇನೆ, ಮಹಿಳಾ ಸಹಾಯವಾಣಿ 181ರ ನಂಬರು ಬರೆದುಕೊಡುತ್ತೇನೆ. ಹೇಳಿದರೆ ಮಾತ್ರ ಚಿಕಿತ್ಸೆ ಎನ್ನುವುದಿಲ್ಲ. ಇದು ನಾನು ಬಹಳ ತಡವಾಗಿ ಕಲಿತದ್ದು.

ಹೋದ ವರ್ಷ ಮೂರು ಮಕ್ಕಳ ತಾಯಿಯೊಬ್ಬಳು ಬಂದಳು. ಗೆಣ್ಣು ಎಣಿಸಿ "ದೀಪಾವಳಿ ಪಾಡ್ಯ ಆದ ಮ್ಯಾಲೆ ಆಗಿಲ್ರೀ" ಎಂದಳು. ಏಳು ವಾರ. ಇನ್ನೇನು ಎದ್ದು ಹೋಗುವಾಗ, "ಕುಡದ ಬಂದ ರಾತ್ರಿ ಬ್ಯಾಡ ಅಂದ್ರ ಕೇಳ್ತಾರೇನ್ರೀ?" ಎಂದಳು, ನನಗಲ್ಲ, ಟೇಬಲ್ಲಿಗೆ ಹೇಳಿದಂತೆ. ಅದೇ 2022ರ ತೀರ್ಪು, ಗರ್ಭಪಾತದ ಕಾಯ್ದೆಯ ಮಟ್ಟಿಗೆ ಅತ್ಯಾಚಾರ ಎಂದರೆ ಗಂಡ ಮಾಡಿದ್ದೂ ಸೇರುತ್ತದೆ ಎಂದಿದೆ. ಕ್ರಿಮಿನಲ್ ಕಾನೂನಿಗೆ ಮಾತ್ರ ಅದು ಇನ್ನೂ ಅಪರಾಧವಲ್ಲ. ಅವಳಿಗೆ ಇದನ್ನೆಲ್ಲ ವಿವರಿಸಲಿಲ್ಲ. ಅವಳು ಕೇಳಿದ್ದು ಬೇರೆ: "ಅವರ ಸಹಿ ಬೇಕೇನ್ರೀ?"

"ಬ್ಯಾಡವ್ವಾ. ನಿಂದs ಸಾಕು."

ಅವಳಿಗೆ ಬರೆಯಲು ಬರುತ್ತಿರಲಿಲ್ಲ. ನರ್ಸ್ ಇಂಕ್ ಪ್ಯಾಡ್ ತಂದಳು. ಒಪ್ಪಿಗೆ ಪತ್ರದ ಕೆಳಗೆ ಅವಳು ಹೆಬ್ಬೆಟ್ಟು ಒತ್ತಿದಳು. ಈಗಷ್ಟೇ ದಿನ ಎಣಿಸಿದ ಬೆರಳು ಅದೇ.